ಏಳದ ಸೂಜಿ

ಬಿಚ್ಚಿ ಕಟ್ಟಿದ ಎಂಜಿನ್ನಿಗೆ ಎಣ್ಣೆ ಏರಿಸದೆ ಸ್ಟಾರ್ಟ್ ಮಾಡುವವರನ್ನು ಬೈಯುತ್ತಲೇ ನಾನು ಅರ್ಧ ಆಯುಷ್ಯ ಕಳೆದೆ. ಹುಮನಾಬಾದಿನ ನನ್ನ ಗ್ಯಾರೇಜಿಗೆ ಬರುವ ಡ್ರೈವರುಗಳಿಗೆಲ್ಲ ನನ್ನ ಬಾಯಿ ಗೊತ್ತು. ಒಣ ಬೇರಿಂಗಿನಲ್ಲಿ ಕ್ರ್ಯಾಂಕು ಸ್ವಲ್ಪ ಹೊತ್ತು ತಿರುಗಿದರೂ ವಾರಗಟ್ಟಲೆ ಮಾಡಿದ ಕೆಲಸ ಮಣ್ಣುಪಾಲು. ಅದಕ್ಕೇ ಮೊದಲು ಡೀಸೆಲ್ ಬಂದ್ ಮಾಡಿ ಬರೀ ಸೆಲ್ಫ್ ಹೊಡೆಯಬೇಕು. ಪಂಪು ಎಣ್ಣೆ ಎಳೆದು ಮೇಲೆ ಕಳಿಸಿದರೆ ಎಣ್ಣೆ ಮೀಟರಿನ ಸೂಜಿ ಏಳುತ್ತದೆ. ಆಮೇಲೆ ಸ್ಟಾರ್ಟ್. ಕತ್ತೆಗೂ ತಿಳಿಯುತ್ತದೆ ಎಂದು ಎಷ್ಟು ಜನರಿಗೆ ಹೇಳಿದ್ದೇನೋ.

ಒಮ್ಮೆ ಹಾಗೆ ಬಿಚ್ಚಿ ಕಟ್ಟಲು ಬಂದದ್ದು ನನ್ನ ತಂಗಿಯ ಗಂಡನ ಜೀಪು. ಬಸವಕಲ್ಯಾಣಕ್ಕೂ ಹುಮನಾಬಾದಿಗೂ ಸೀಟು ತುಂಬಿಸಿಕೊಂಡು ಓಡುತ್ತಿದ್ದ ಹಳೇ ಗಾಡಿ. ಮೋರಖಂಡಿಯ ಅವರ ಮನೆ ನಡೆಯುತ್ತಿದ್ದದ್ದು ಅದರ ಮೇಲೆಯೇ. ಕ್ರ್ಯಾಂಕನ್ನು ಹಿಂದೆಯೂ ಗ್ರೈಂಡ್ ಮಾಡಿಸಿಯಾಗಿತ್ತು, ಇದು ಕಡೆಯ ಸೈಜು. ಇನ್ನು ಕೆರೆಯಲು ಅದರಲ್ಲಿ ಏನೂ ಉಳಿದಿರಲಿಲ್ಲ. "ಈ ಸಲ ಹೋಯ್ತಂದ್ರ ಸೀದಾ ಗುಜರಿಗೇ" ಎಂದು ನಾನೇ ಅವನಿಗೆ ಹೇಳಿದ್ದೆ.

ಸ್ಟಾರ್ಟ್ ಮಾಡಲು ಅವರು ಮುಹೂರ್ತ ಕೇಳಿಕೊಂಡು ಬಂದರು. ಹನ್ನೊಂದೂಕಾಲರೊಳಗೆ ಆಗಬೇಕು. ತಂಗಿ ಹೊಸ ಸೀರೆ ಉಟ್ಟು, ಆರತಿ ತಟ್ಟೆ, ತೆಂಗಿನಕಾಯಿ, ಪೇಢೆ ಎಲ್ಲ ತಂದಿದ್ದಳು. ಅಕ್ಕಪಕ್ಕದ ಅಂಗಡಿಯವರೂ ಬಂದು ನಿಂತರು. ರಸ್ತೆಯ ಲಾರಿಗಳ ಗಾಳಿಗೆ ಅವಳ ದೀಪ ಆರಿತು. ಹಚ್ಚಿದಳು, ಮತ್ತೆ ಆರಿತು.

ಅಷ್ಟರಲ್ಲಿ ನಾನು ಡೀಸೆಲ್ ಬಂದ್ ಮಾಡಿ ಸೆಲ್ಫ್ ಹೊಡೆಯುತ್ತಿದ್ದೆ. ಸೂಜಿ ಏಳಲಿಲ್ಲ. ಸ್ವಲ್ಪ ಬಿಟ್ಟು ಮತ್ತೆ ಹೊಡೆದೆ. ಸೊನ್ನೆಯ ಮೇಲೇ ಮಲಗಿತ್ತು. ಆಗ ನೆನಪಾಯಿತು. ಪಂಪನ್ನು ಕೂಡಿಸುವಾಗ ಅದರ ಹಲ್ಲುಗಳಿಗೆ ನಾನು ಗ್ರೀಸು ತುಂಬಿರಲೇ ಇಲ್ಲ. ಒಣ ಪಂಪು ಎಣ್ಣೆ ಎಳೆಯುವುದಿಲ್ಲ. ಗ್ರೀಸಿನ ಡಬ್ಬಿ ಎದುರಿನ ಹಲಗೆಯ ಮೇಲೇ ಇತ್ತು. ಈಗ ತುಂಬಬೇಕೆಂದರೆ ಎಂಜಿನ್ನಿನ ತಳದ ಚೇಂಬರ್ ಬಿಚ್ಚಿ ಪಂಪು ತೆಗೆಯಬೇಕಿತ್ತು, ಅರ್ಧ ದಿನದ ಕೆಲಸ.

"ಟೈಮ್ ಮುಗ್ಯಾಕತ್ತದ್ರಿ. ಸೂಜಿ ಯಾಕ ಏಳವಲ್ದು?" ಎಂದ ತಂಗಿಯ ಗಂಡ.

ನಾನು ಮರೆತೆ ಎಂದರೆ ಮುಗಿಯುತ್ತಿತ್ತು. ಅಷ್ಟು ಜನರ ಎದುರಿಗೆ ನನ್ನ ನಾಲಿಗೆ ಏಳಲಿಲ್ಲ.

"ಮೀಟರ್ ಖರಾಬ್ ಆಗ್ಯದ. ಫಿಕರ್ ಮಾಡಬ್ಯಾಡ" ಎಂದು ಡೀಸೆಲ್ ಬಿಟ್ಟೆ.

ತಂಗಿಯ ದೀಪ ಕಡೆಗೂ ಆರದೆ ನಿಂತಾಗ ಮುಹೂರ್ತ ಮೀರಿ ಎರಡು ನಿಮಿಷವಾಗಿತ್ತು. ಅವಳು ಬೆಳಗಿದಳು, ನಾನು ಸ್ಟಾರ್ಟ್ ಮಾಡಿದೆ. ಎಂಜಿನ್ನಿನ ವೇಗಕ್ಕೆ ಒಣ ಪಂಪೂ ಹೇಗೋ ಎಣ್ಣೆ ಹಿಡಿದು, ಸೂಜಿ ತನಗೆ ಬೇಕಾದಾಗ ಸೋಮಾರಿಯಂತೆ ಎದ್ದಿತು. ಅಷ್ಟರಲ್ಲಿ ಎಂಜಿನ್ನಿನ ತಳದಿಂದ ಒಂದು ಮಂದ ಸದ್ದು ಶುರುವಾಗಿತ್ತು. ನನಗೊಬ್ಬನಿಗೇ ಕೇಳಿತು.

"ಆವಾಜ್ ಹ್ಯಾಂಗ ಮಖಮಲ್ ಆಗ್ಯದ ನೋಡ್ರಿ" ಎಂದು ಅವನು ನನ್ನ ಬಾಯಿಗೆ ಪೇಢೆ ಇಟ್ಟ. ನಾನು ತಿಂದೆ.

ಆಗಲೂ ಗಾಡಿ ನಿಲ್ಲಿಸಬಹುದಿತ್ತು. ಬೇರಿಂಗು ತಾನಾಗಿ ಕೂಡೀತು ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡೆ. ಎರಡು ವಾರ ತುಂಬುವ ಮೊದಲೇ ಬಸವಕಲ್ಯಾಣದ ದಾರಿಯಲ್ಲಿ ಸೀಟಿನವರ ಸಮೇತ ಎಂಜಿನ್ ಜಾಮ್ ಆಯಿತು. ಬಿಚ್ಚಿ ನೋಡಿದೆ. ಕ್ರ್ಯಾಂಕು ಸುಟ್ಟು ನೀಲಿಗಟ್ಟಿತ್ತು. ಜೀಪು ಗುಜರಿಗೇ ಹೋಯಿತು. ಅವನೀಗ ಮಂಠಾಳದವರೊಬ್ಬರ ಟ್ರ್ಯಾಕ್ಟರ್ ಹೊಡೆಯುತ್ತಾನೆ, ತಂಗಿ ಕೂಲಿಗೆ ಹೋಗುತ್ತಾಳೆ. ನನ್ನನ್ನು ಯಾರೂ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ.

"ನಂದೇ ತಪ್ಪಣ್ಣ" ಎಂದಳು ತಂಗಿ. "ದೀಪ ಆರಿತು, ಟೈಮ್ ತಪ್ಪಿತು. ನೀ ಏನ್ ಮಾಡ್ತಿ?"

ಅವತ್ತು ಹೇಳಬೇಕಿತ್ತು. ನಾಳೆ ಹೇಳೋಣ ಎಂದುಕೊಂಡೆ. ಹಾಗೆ ಅಂದುಕೊಂಡೇ ನಾಲ್ಕು ವರ್ಷವಾಯಿತು. ಇನ್ನು ಹೇಳುತ್ತೇನೆಂಬ ನಂಬಿಕೆ ನನಗೇ ಇಲ್ಲ.

ಮೊನ್ನೆ ನಮ್ಮ ಮನೆಯಲ್ಲಿ ಬಸುರಿ ಮಗಳ ಕುಬಸ. ಹೆಂಡತಿ ಆರತಿ ತಟ್ಟೆಯನ್ನು ತಂಗಿಯ ಮುಂದೆ ಹಿಡಿದಳು. ತಂಗಿ ಎರಡೂ ಕೈ ಸೆರಗಿನೊಳಗೆ ಎಳೆದುಕೊಂಡಳು.

"ನನ್ನ ಕೈ ಚಲೋ ಇಲ್ಲ ವೈನಿ. ಬ್ಯಾರೆಯವರ ಕಡಿಂದ ಮಾಡಸ್ರಿ."

ಹೆಂಡತಿ ನನ್ನ ಕಡೆ ತಿರುಗಿದಳು. "ನೀವರೆ ಹೇಳ್ರಿ ಆಕಿಗೆ."

ನಾನು ಪಕ್ಕದ ಮನೆಯವರನ್ನು ಕರೆದೆ.