ತುಮಕೂರಿನ ಸಭೆಯಲ್ಲಿ ಅಕ್ಕ ಕೇಳಿದ್ದು

ನಮ್ಮಕ್ಕ ರಂಗಲಕ್ಷ್ಮಮ್ಮ ಗುಬ್ಬಿಯ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾಳೆ. ಯಾರಿಗೂ ಜಗ್ಗುವ ಹೆಂಗಸಲ್ಲ. ಆದರೆ ಭಾವ ಕಾಂತೇಶ್‌ಗೆ ಮೆದುಳು ಜ್ವರ ಬಂದುಹೋದ ಮೇಲೆ ಕುಗ್ಗಿಬಿಟ್ಟಳು. ಜ್ವರ ಬಿಟ್ಟಿತು, ಮೆದುಳಿನ ಊತ ಮಾತ್ರ ನೆನಪನ್ನು ತಿಂದುಹಾಕಿತ್ತು. ಮದುವೆ, ಹಳೆಯ ಗೆಳೆಯರು, ತಾನು ಕೆಲಸ ಮಾಡುತ್ತಿದ್ದ ತೆಂಗಿನಕಾಯಿ ಮಂಡಿ ಎಲ್ಲ ಭಾವನ ನಾಲಿಗೆ ತುದಿಯಲ್ಲೇ ಇವೆ. ಈಗ ತಾನೇ ಉಂಡದ್ದು ನೆನಪಿಲ್ಲ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆ.

ಸ್ಟೆಮ್ ಸೆಲ್ ಇಂಜೆಕ್ಷನ್ ಹಾಕಿದರೆ ನೆನಪು ಮರಳುತ್ತದೆ ಎಂಬ ಜಾಹೀರಾತು ಅಕ್ಕನ ಮೊಬೈಲಿಗೆ ಬಂತು. ಭಾವನನ್ನು ನೋಡುತ್ತಿದ್ದ ಬೆಂಗಳೂರಿನ ಡಾಕ್ಟರು, "ಅದಿನ್ನೂ ಸಂಶೋಧನೆಯಲ್ಲೇ ಇದೆಯಮ್ಮ, ಹಾಕಿಸಬೇಡಿ" ಎಂದಿದ್ದರು. ಅಕ್ಕ ಕೇಳಬೇಕಲ್ಲ! ಜಾಹೀರಾತು ಕೊಟ್ಟಿದ್ದ ಕ್ಲಿನಿಕ್‌ನವರು ತುಮಕೂರಿನ ಕಲ್ಯಾಣ ಮಂಟಪವೊಂದರಲ್ಲಿ ಇಟ್ಟಿದ್ದ ಸಭೆಗೆ ಭಾವನನ್ನೂ ನನ್ನನ್ನೂ ಎಳೆದುಕೊಂಡು ಹೋದಳು. ಅವತ್ತೇ ಇಂಜೆಕ್ಷನ್‌ಗೆ ಹೆಸರು ಬರೆಸಬೇಕೆಂಬ ಹಟ.

ವೇದಿಕೆ ಮೇಲೆ ಕುಣಿಗಲ್‌ನ ಶಿವರಾಜ್ ಎಂಬುವನು ನಿಂತಿದ್ದ. ಇದೇ ಕಾಯಿಲೆಯಿಂದ ಗುಣವಾದವನಂತೆ. ಕ್ಲಿನಿಕ್‌ನ ಕೋಟು ತೊಟ್ಟವನೊಬ್ಬ ಕೇಳುತ್ತಾ ಹೋದ, ಇವನು ಹೆಂಡತಿಯ ತವರೂರು, ಕುದುರೆ ಫಾರಂನಲ್ಲಿ ತಾನು ನೋಡಿಕೊಳ್ಳುತ್ತಿದ್ದ ಕುದುರೆಗಳ ಹೆಸರು, ಎಲ್ಲ ಪಟಪಟ ಹೇಳಿದ. ಚಪ್ಪಾಳೆಯೋ ಚಪ್ಪಾಳೆ. ಅಕ್ಕ ಅತ್ತೇಬಿಟ್ಟಳು.

ಆಮೇಲೆ ಉಪ್ಪಿಟ್ಟು ಕೊಟ್ಟರು. ಹೆಸರು ಬರೆಸುವ ಮೇಜಿನ ಮುಂದೆ ಆಗಲೇ ಉದ್ದ ಸಾಲು. ಶಿವರಾಜ್ ತಟ್ಟೆ ಹಿಡಿದು ನಮ್ಮ ಪಕ್ಕವೇ ಬಂದು ಕುಳಿತ.

"ಯಾವೂರಕ್ಕ ನಿಮ್ದು?"

"ಗುಬ್ಬಿ ಕಣಪ್ಪ."

ತಿಂದು ತಟ್ಟೆ ಕೆಳಗಿಟ್ಟು ಮತ್ತೆ ತಿರುಗಿದ. "ಯಾವೂರಕ್ಕ ನಿಮ್ದು?"

ಅಕ್ಕ ಭಾವನ ಕಡೆ ತಿರುಗಿ ನೋಡಿದಳು. ಭಾವ ಹೀಗೆ ಕೇಳಿದ್ದನ್ನೇ ಕೇಳುವುದು ಅವಳಿಗೆ ಮನೆಯಲ್ಲಿ ದಿನದ ಪಾಡು. ಹಳೆಯದು ಭಾವನಿಗೂ ನೆನಪಿದೆ. ವೇದಿಕೆಯಲ್ಲಿ ಕೇಳಿದ್ದೆಲ್ಲ ಹಳೆಯದೇ. ನನಗಂತೂ ಆ ಕೋಟಿನವನ ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬಂತು.

ಅಕ್ಕ ಸೀದಾ ಹೋಗಿ ಕೋಟಿನವನ ಕೈಯಿಂದ ಮೈಕ್ ಕಿತ್ತುಕೊಂಡಳು. "ಶಿವರಾಜು, ಈಗ ಏನ್ ತಿಂದೆ ಹೇಳಪ್ಪ?"

ಅವನು ನಗುತ್ತಾ ಮೂಲೆಯಲ್ಲಿದ್ದ ಹೆಂಡತಿಯ ಮುಖ ನೋಡಿದ. ಅವಳು ಓಡಿಬಂದು ಅಕ್ಕನ ಕೈ ಹಿಡಿದಳು.

"ಕೇಳ್ಬ್ಯಾಡಿ ಅಕ್ಕ, ನಿಮ್ ಕಾಲಿಗ್ ಬೀಳ್ತೀನಿ. ಒಂದ್ ಇಂಜೆಕ್ಷನ್ ಹಾಕವ್ರೆ, ಏನೂ ಆಗ್ಲಿಲ್ಲ. ಸ್ಟೇಜ್ ಮೇಲ್ ಮಾತಾಡಿದ್ರೆ ಇನ್ನೊಂದು ಫ್ರೀ ಹಾಕ್ತಾರಂತೆ. ಅದ್ರಲ್ಲಿ ಸರಿ ಹೋಗ್ತಾರೆ."

ಅಕ್ಕನ ಕೈಯಲ್ಲಿದ್ದ ಮೈಕ್ ಆನ್ ಇತ್ತು. ಇಡೀ ಸಭೆಗೆ ಕೇಳಿಸಿತು.

ಅಕ್ಕ ಮೈಕ್ ಕೆಳಗಿಟ್ಟು, ಭಾವನ ಕೈ ಹಿಡಿದು ಬಾಗಿಲ ಕಡೆ ಹೊರಟಳು. ನಾನು ಹಿಂತಿರುಗಿ ನೋಡಿದೆ. ಹೆಸರು ಬರೆಸುವ ಸಾಲಿನಿಂದ ಒಬ್ಬರೂ ಕದಲಿರಲಿಲ್ಲ.