ಮೂವತ್ತೊಂದನೇ ಸಾಲು

ಈ ಕಂಪೈಲರ್ ಬರೆದ ಪುಣ್ಯಾತ್ಮರನ್ನು ಒಂದು ದಿನ ಮುಳಬಾಗಿಲಿನ ನಮ್ಮ ಡಿಪ್ಲೊಮಾ ಕಾಲೇಜಿನ ಲ್ಯಾಬಿನಲ್ಲಿ ತಂದು ಕೂರಿಸಬೇಕು ಎಂಬ ಸಿಟ್ಟು ನನಗೆ ಈಗಲೂ ಇದೆ. ಪ್ರೋಗ್ರಾಮಿನ ತಪ್ಪು ಹಿಡಿಯುವುದು ಅದರ ಕೆಲಸ, ಸರಿ. ಆದರೆ ತಪ್ಪು ನಾಲ್ಕನೇ ಸಾಲಿನಲ್ಲಿದ್ದರೆ ಅದು ಮೂವತ್ತೊಂದನೇ ಸಾಲಿನತ್ತ ಬೆರಳು ಮಾಡಿ, ಒಂದು ಒಣ ಇಂಗ್ಲಿಷ್ ವಾಕ್ಯ ಬಿಸಾಕಿ ಸುಮ್ಮನಾಗುತ್ತದೆ.

ಪರದೆಯ ಮೇಲೆ ಕೆಂಪು ಅಕ್ಷರವಿದ್ದರೆ ರೆಕಾರ್ಡ್ ಪುಸ್ತಕಕ್ಕೆ ಸಹಿ ಇಲ್ಲ ಎಂದು ಅಲ್ಲಿ ಪಾಠ ಮಾಡುವ ನಾನೇ ಕಾನೂನು ಮಾಡಿದ್ದೆ. ಮಕ್ಕಳು ಅದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಕಂಪೈಲರ್ ಯಾವ ಸಾಲನ್ನು ಬೈಯುತ್ತದೋ ಆ ಸಾಲನ್ನೇ ಅಳಿಸುವುದು! ಕೆಂಪು ಮಾಯ, ಸಹಿ ಖಾತ್ರಿ. ಗೊತ್ತಿದ್ದೂ, ಪುಸ್ತಕಗಳ ರಾಶಿ ಮುಗಿದರೆ ಸಾಕೆಂದು ಸಹಿ ಗೀಚಿಬಿಡುತ್ತಿದ್ದೆ.

ಕೊನೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆ. ಯಲ್ದೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿಗೆ ಇದೊಂದು ಪಾಸಾದರೆ ಇಂಜಿನಿಯರಿಂಗ್ ಸೀಟು. ಮಂಡಿಗೆ ಬಂದ ಟೊಮೆಟೊ ಬಾಕ್ಸುಗಳನ್ನು ಕೂಡುವ ಪ್ರೋಗ್ರಾಮ್ ಅವಳಿಗೆ ಬಿತ್ತು. ನಾಲ್ಕನೇ ಸಾಲಿನಲ್ಲಿ ಬಾಕ್ಸುಗಳ ಸಂಖ್ಯೆಯನ್ನು ಉದ್ಧರಣ ಚಿಹ್ನೆಯೊಳಗೆ ಬರೆದಳು. ಯಂತ್ರಕ್ಕೆ ಅದು ಸಂಖ್ಯೆಯಲ್ಲ, ಬರೀ ಅಕ್ಷರ. ಅದನ್ನು ಕೂಡುವ ಮೂವತ್ತೊಂದನೇ ಸಾಲು ಕೆಂಪಾಯಿತು. ಅಳಿಸಿದಳು. ಉತ್ತರ ತೋರಿಸುವ ಮುಂದಿನ ಸಾಲು ಕೆಂಪಾಯಿತು. ಅದನ್ನೂ ಅಳಿಸಿದಳು. ಆಮೇಲೆ ಧೈರ್ಯವಾಗಿ ಕೈ ಎತ್ತಿದಳು.

ಹೊರಗಿನಿಂದ ಬಂದಿದ್ದ ಪರೀಕ್ಷಕರು ಖಾಲಿ ಪರದೆ ನೋಡಿ, “ಉತ್ತರ ಎಲ್ಲಿ?” ಎಂದರು. ಫೇಲಾದಳು. ಸೀಟು ಹೋಯಿತು.

ನಾನು ವರಾಂಡದಲ್ಲಿ ಎಲ್ಲರೆದುರು ಕೂಗಾಡಿದೆ. “ಬರೆದಿರೋದನ್ನ ಓದಕ್ಕಾದ್ರೂ ಬರಲ್ವೇನೇ ನಿನಗೆ?”

ಹೆದರಿದರೆ ಅವಳ ಬಾಯಿಗೆ ತೆಲುಗು ಬರುತ್ತಿತ್ತು. “ಓದ್ದೆ ಮೇಡಂ. ಆ ಲೈನು ತಪ್ಪು ಅಂತು. ತೀಸೇಸಿನಾ.” ತೆಗೆದುಬಿಟ್ಟೆ ಎಂದಳು, ಅಷ್ಟೇ. ನನ್ನ ಕೋಪ ಕಂಪೈಲರ್ ಕಡೆ ತಿರುಗಿತು.

ಆ ಕೋಪದಲ್ಲೇ ಬೇಸಿಗೆ ರಜೆಯೆಲ್ಲ ಕೂತು, ಕಂಪೈಲರ್ ಕಕ್ಕುವುದನ್ನು ತಿದ್ದಿ ಕನ್ನಡದಲ್ಲಿ ಹೇಳುವ ಚಿಕ್ಕ ತಂತ್ರಾಂಶ ಬರೆದೆ. ‘ನಾಲ್ಕನೇ ಸಾಲಿನಲ್ಲಿ ಬಾಕ್ಸ್ ಎಂದರೆ ಅಕ್ಷರ ಎಂದಿದ್ದೀರಿ. ಮೂವತ್ತೊಂದರಲ್ಲಿ ಅದನ್ನು ಸಂಖ್ಯೆಯಂತೆ ಕೂಡುತ್ತಿದ್ದೀರಿ. ಎರಡನ್ನೂ ನೋಡಿ, ಯಾವುದನ್ನೂ ಅಳಿಸಬೇಡಿ.’

ವಿಭಾಗದ ಮುಖ್ಯಸ್ಥರು ಮೂಗು ಮುರಿದರು. “ಇಂಗ್ಲಿಷ್ ಬರದಿದ್ದೋರು ಕಂಪ್ಯೂಟರ್ ಯಾಕ್ರೀ ಮುಟ್ಬೇಕು?”

“ಇಂಗ್ಲಿಷ್ ನಂಗೂ ಬರತ್ತೆ ಸಾರ್. ಆ ಕಂಪೈಲರ್ ಮಾತು ನಂಗೇ ಅರ್ಥ ಆಗಲ್ಲ,” ಎಂದು ಎದ್ದು ಬಂದೆ.

ಮರುಪರೀಕ್ಷೆಗೆ ಮುಂಚೆ ಹುಡುಗಿಯನ್ನು ಕರೆಸಿ, ಅದೇ ಪ್ರೋಗ್ರಾಮ್ ಕೊಟ್ಟೆ. ಸಂದೇಶ ಓದಿದಳು, ಮೇಲೆ ಹೋದಳು, ನಾಲ್ಕನೇ ಸಾಲು ತಿದ್ದಿದಳು. ಉತ್ತರ ಬಂತು. ನಾನು ಹಿಗ್ಗಿ, “ನೋಡಿದ್ಯಾ? ತಪ್ಪೆಲ್ಲ ಆ ದರಿದ್ರ ಕಂಪೈಲರ್‌ದು,” ಎಂದೆ.

ಅವಳು ಬ್ಯಾಗು ಹೆಗಲಿಗೇರಿಸಿದಳು. ನಗಲಿಲ್ಲ.

“ಕೆಂಪಿದ್ರೆ ಸೈನ್ ಹಾಕಲ್ಲ ಅಂತ ಕಂಪೈಲರ್ ಯಾವತ್ತೂ ಅಂದಿರ್ಲಿಲ್ಲ ಮೇಡಂ.”