ತಾಯಮ್ಮತ್ತೆಗೆ ನಾನು ಕೊಟ್ಟ ನಾಲ್ಕು ಮಾರ್ಕು

ಮೊನ್ನೆ ನಂಜನಗೂಡಿನ ಮದುವೆಯೊಂದರಲ್ಲಿ ಹೆಣ್ಣುಗಂಡಿಗೆ ಆರತಿ ಎತ್ತುವಾಗ ಸೋಬಾನೆ ಪದ ಮೊಬೈಲಿನಿಂದ ಬಂತು. ಕರ್ಪೂರದ ವಾಸನೆಯ ಜೊತೆ ನನ್ನ ಹಳೆಯ ನಾಚಿಕೆಯೂ ಮೂಗಿಗೇರಿತು.

ತಿ. ನರಸೀಪುರದ ನಮ್ಮ ಬೀದಿಯಲ್ಲಿ ಸೋಬಾನೆ ಅಂದರೆ ಪಕ್ಕದ ಮನೆಯ ತಾಯಮ್ಮತ್ತೆ. ಸೆರಗನ್ನು ಕಿವಿಯ ಹಿಂದೆ ಸಿಕ್ಕಿಸಿ, ಕಣ್ಣು ಮುಚ್ಚಿ ಶುರು ಮಾಡಿದರೆ ಗಂಡಸರು ಎಲೆ ಅಡಿಕೆ ಅಗಿಯುವುದನ್ನೂ ನಿಲ್ಲಿಸುತ್ತಿದ್ದರು. ಆಗಷ್ಟೇ ಟೀವಿಯಲ್ಲಿ ಹಾಡಿನ ಸ್ಪರ್ಧೆ ಬರತೊಡಗಿತ್ತು. ಹುಡುಗನಾಗಿದ್ದ ನಾನು ಚಾಪೆಯ ಮೇಲೆ ಕೂತು, "ಗಂಟಲಿಗೆ ಗಂಟು, ತಾಳವೋ ಕುಂಟು" ಎಂದು ಸ್ಪರ್ಧಿಗಳಿಗೆಲ್ಲ ಪ್ರಾಸದಲ್ಲೇ ತೀರ್ಪು ಕೊಡುತ್ತಿದ್ದೆ. ಸಂಗೀತದ ಗಂಧ ನನಗಿರಲಿಲ್ಲ. ತೀರ್ಪಿಗೆ ಅದರಿಂದ ತೊಂದರೆಯೇನೂ ಆಗಲಿಲ್ಲ.

ಚಿಕ್ಕಮ್ಮನ ಮಗುವಿನ ನಾಮಕರಣದಲ್ಲಿ ತಾಯಮ್ಮತ್ತೆ ಹಾಡಿ ಮುಗಿಸಿದ್ದೇ ತಡ, ನಾನು ಟೀವಿಯವರ ಗತ್ತಿನಲ್ಲಿ ಎದ್ದು ನಿಂತೆ.

"ಪಲ್ಲವಿ ಪರವಾಗಿಲ್ಲ, ಚರಣಕ್ಕೆ ಕರುಣೆಯಿಲ್ಲ. ಹತ್ತಕ್ಕೆ ನಾಲ್ಕು."

ಮನೆಯೆಲ್ಲ ನಕ್ಕಿತು. ಅತ್ತೆಯೂ ನಕ್ಕರು.

ಆಮೇಲೆ ನಮ್ಮಕ್ಕನ ಮದುವೆ ಬಂತು. ಆರತಿಗೆ ಅವ್ವ ಕರೆದಾಗ ಅತ್ತೆ ಎದ್ದು ಬಂದರು, ಆದರೆ ಹಾಡಲಿಲ್ಲ. "ಪದ ಬ್ಯಾಡ ಕಣವ್ವ, ಐಕಳು ನಗ್ತವೆ" ಅಂದರು. ಅಕ್ಕನ ಆರತಿ ಪದವಿಲ್ಲದೆ ಮುಗಿಯಿತು. ಅವ್ವ ನನ್ನನ್ನು ಬೈಯಲಿಲ್ಲ, ಒಮ್ಮೆ ನೋಡಿದಳು ಅಷ್ಟೆ.

ಮೊನ್ನೆಯ ಮದುವೆಗೆ ತಾಯಮ್ಮತ್ತೆಯೂ ಬಂದಿದ್ದರು. ಪಕ್ಕದಲ್ಲಿ ಕೂತು, "ಒಂದು ಪದ ಹೇಳಿ ಅತ್ತೆ" ಅಂದೆ.

"ಮರ್ತೋಯ್ತು ಕಣಪ್ಪ. ಹೇಳ್ತಾ ಇದ್ರೆ ತಾನೆ ಪದ ನೆಪ್ಪಲ್ಲಿ ನಿಲ್ಲಾದು?" ಅಂದವರು ನನ್ನ ಕೈ ಸವರಿ, "ಊಟ ಆಯ್ತಾ ನಿಂದು?" ಅಂತ ಕೇಳಿದರು.

ಆಗಿರಲಿಲ್ಲ. ಆಯ್ತು ಅಂದೆ.